ಬಾಯಾರು ಹಾಕದ ಸಹಿ

ಓದದೆ ಎಲ್ಲಿಯೂ ಸಹಿ ಹಾಕದ ಮನುಷ್ಯರನ್ನು ನಾನು ಕಂಡಿದ್ದು ಒಬ್ಬರನ್ನೇ. ವತ್ಸಲಾಬಾಯಿ, ನಮಗೆಲ್ಲ ಬಾಯಾರು. ಬ್ಯಾಂಕಿನ ಫಾರ್ಮು, ಗ್ಯಾಸಿನವರ ಕಾಗದ, ಫೋನಿನಲ್ಲಿ ಹೊಸ ಆ್ಯಪ್ ಹಾಕುವಾಗ ಬರುವ ಪುಟಗಟ್ಟಲೆ ಷರತ್ತು, ಯಾವುದಾದರೂ ಸರಿ, ಹಣೆಯ ಮೇಲಿನ ಕನ್ನಡಕ ಇಳಿಸಿ, ಪೆನ್ಸಿಲ್ ಹಿಡಿದು, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತಿದ್ದರು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗಿದರೆ ತಿರುಗಿ, "ಅವಸರ ಇದ್ರ ನೀವು ಮುಂದ ಹೋಗ್ರಿ. ಹೆಸರು ನಂದು, ನಾನ ಓದಬೇಕು" ಎನ್ನುತ್ತಿದ್ದರು. ಬಸ್ ಟಿಕೆಟ್ಟಿನ ಹಿಂಭಾಗ ಓದಿ ಕಂಡಕ್ಟರನ ಜೊತೆ ವಾದಕ್ಕಿಳಿದದ್ದನ್ನೂ ನಾನು ನೋಡಿದ್ದೇನೆ.

ಹುಬ್ಬಳ್ಳಿಯ ಒಂದು ಟ್ರಸ್ಟಿನ ಬ್ಲಡ್ ಬ್ಯಾಂಕಿನಲ್ಲಿ ಅವರು ಹಿರಿಯ ಟೆಕ್ನಿಷಿಯನ್. ದಿನಾ ಧಾರವಾಡದಿಂದ ಬಸ್ಸಿಗೆ ಬರುತ್ತಿದ್ದರು. ಹುಬ್ಬಳ್ಳಿಯ ದುರ್ಗದಬೈಲ್‌ನಲ್ಲಿ ನಮ್ಮ ಅಬ್ಬಾನ ಬಳೆ ಅಂಗಡಿ; ನಾನು ಲ್ಯಾಬ್ ಕೋರ್ಸ್ ಮುಗಿಸಿ ಅವರ ಕೈಕೆಳಗೆ ಸೇರಿದೆ. ಮೊದಲ ದಿನವೇ ರಕ್ತದ ಚೀಲಗಳಿದ್ದ ಫ್ರಿಜ್ಜಿನ ಮುಂದೆ ನಿಲ್ಲಿಸಿದರು.

"ಶಬಾನಾ, ಯಾರೋ ತೋಳು ಚಾಚಿ ಕೊಟ್ಟಿದ್ದನ್ನ ಇದರಾಗ ಇಟ್ಟೇವಿ. ಎರಡು ಡಿಗ್ರಿ ಕೆಳಗ ಇಳೀಬಾರದು, ಆರರ ಮ್ಯಾಲ ಏರಬಾರದು. ನಾಕ ತಾಸಿಗೊಮ್ಮೆ ನೋಡಬೇಕು, ಬರೀಬೇಕು."

ಒಂದು ಮಧ್ಯಾಹ್ನ ಏಳಲು ಬೇಜಾರಾಗಿ ಕುಂತಲ್ಲೇ 'ನಾಲ್ಕು' ಎಂದು ಬರೆದುಬಿಟ್ಟೆ. ಬಾಯಾರು ಎದ್ದು ಹೋಗಿ ನೋಡಿ ಬಂದರು. ಅಲ್ಲಿ ಐದಿತ್ತು. "ಸುಳ್ಳ ಬರ್ಯೋ ಕೈಯಾಗ ಇವತ್ತ ಸೂಜಿ ಹಿಡೀಬ್ಯಾಡ" ಎಂದವರು ಸಂಜೆಯವರೆಗೆ ಸೂಜಿಯ ಕೆಲಸವನ್ನೆಲ್ಲ ತಾವೇ ಮಾಡಿದರು. ಮರುದಿನ ಮಾತ್ರ ತಮ್ಮ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದೆ ಇಟ್ಟರು.

ಆಮೇಲೆ ಬಂತು ಆ ಕ್ಲೌಡು. ಸಣ್ಣ ಕಂಪನಿಯೊಂದರ ಮನುಷ್ಯ ಲ್ಯಾಪ್‌ಟಾಪ್ ತೆರೆದು, ಟ್ರಸ್ಟಿನ ಅಧ್ಯಕ್ಷರಿಗೂ ನಮಗೂ ವಿವರಿಸಿದ. ಫೋಟೊ ಇಡುವುದು, ಮೇಲ್ ಕಳಿಸುವುದು ಎಲ್ಲರಿಗೂ ಗೊತ್ತಿರುವ ಸೇವೆಗಳಂತೆ. ದೊಡ್ಡ ಕ್ಲೌಡ್ ಕಂಪನಿಗಳ ಹತ್ತಿರ ಹೊರಗಿನವರು ಹೆಸರೇ ಕೇಳದ ನೂರಾರು ಸಣ್ಣ ಸೇವೆಗಳು ಬಾಡಿಗೆಗೆ ಸಿಗುತ್ತವಂತೆ. ಯಂತ್ರಗಳು ಕಳಿಸುವ ಮಾಹಿತಿ ಬರಮಾಡಿಕೊಳ್ಳಲು ಒಂದು, ಬಂದ ಅಂಕಿಗಳನ್ನು ಹೊತ್ತಿನ ಪ್ರಕಾರ ಜೋಡಿಸಿಡಲು ಇನ್ನೊಂದು, ಒಮ್ಮೆಲೆ ನುಗ್ಗಿ ಬಂದರೆ ಪಾಳಿಯಲ್ಲಿ ನಿಲ್ಲಿಸಲು ಮತ್ತೊಂದು, ಹೆಚ್ಚುಕಡಿಮೆಯಾದರೆ ಫೋನಿಗೆ ಸಂದೇಶ ಕಳಿಸಲು ಮಗದೊಂದು. ಇವಿಷ್ಟನ್ನೂ ಪೋಣಿಸಿ ನಮ್ಮ ಫ್ರಿಜ್ಜಿನ ಉಷ್ಣತೆಯನ್ನು ಪರದೆಯ ಮೇಲೆ ತೋರಿಸುತ್ತಾರಂತೆ.

"ನೀವು ಏನೂ ನೋಡೋದ ಬ್ಯಾಡ್ರಿ. ಎಲ್ಲಾ ಅವರ ನೋಡ್ಕೋತಾರ," ಎಂದ ಆತ.

"ನೋಡ್ಕೊಳ್ಳೋರ ಹೆಸರೇನ್ರಿ?" ಬಾಯಾರು ಕೇಳಿದರು.

"ಹೆಸರಂತ ಇರೂದಿಲ್ರಿ ಮೇಡಂ. ಅದು ಸರ್ವಿಸ್."

"ಹೆಸರಿಲ್ಲದೋರು ನೋಡ್ಕೋತಾರ, ನಾವು ನಂಬಿ ಕೂಡಬೇಕು. ಛಲೋ ಆತು."

ಬಾಯಾರು ಕರಾರಿನ ಕಾಗದವನ್ನು ಎರಡು ದಿನ ಮನೆಗೆ ಒಯ್ದರು. ನಿಘಂಟು ಇಟ್ಟುಕೊಂಡು ಓದಿ ಬಂದು, ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು ಅಧ್ಯಕ್ಷರ ಮುಂದೆ ಹಿಡಿದರು. ಯಾವ ಸೇವೆಯನ್ನಾದರೂ ಮುನ್ಸೂಚನೆ ಕೊಟ್ಟು ನಿಲ್ಲಿಸುವ ಹಕ್ಕು ಅದರ ಒಡೆಯರಿಗೆ ಉಂಟು ಎಂದು ಅಲ್ಲಿತ್ತು. "ಇದರಾಗ ಒಬ್ಬಾವ ಬಾಗಿಲಾ ಹಾಕಿದ್ರ ನಮಗ ಯಾರು ಹೇಳ್ತಾರ್ರಿ?" ಎಂದರು. ಅಧ್ಯಕ್ಷರು ನಕ್ಕುಬಿಟ್ಟರು. "ಬಾಯಾರ, ಜಗತ್ತ ಎಲ್ಲಿಗೆ ಹೋತು, ನೀವಿನ್ನೂ ಪೆನ್ಸಿಲ್ ಹಿಡಕೊಂಡ ಕುಂತೀರಿ."

ನಗೆ ಅಲ್ಲಿಗೇ ನಿಲ್ಲಲಿಲ್ಲ. ನಾವು ಉಷ್ಣತೆ ಬರೆದಿಡುತ್ತಿದ್ದ ಗೋಡೆಯ ಮೇಲಿನ ತಖ್ತೆ ಹಳೇ ಕಾಲದ್ದೆಂದು ಕಿತ್ತರು. ಒಳಗೆ ಬಿಸಿಯೇರಿದರೆ ಎಚ್ಚರಿಸಲು ಫ್ರಿಜ್ಜಿಗೆ ಇದ್ದ ಗಂಟೆ ಆಗಾಗ ಬಡಿದುಕೊಂಡು ತಲೆನೋವು ಎಂದು ಅದರ ತಂತಿ ಬಿಚ್ಚಿಸಿದರು. ಬಾಯಾರು ಬರೆದು ಕೊಟ್ಟ ಆಕ್ಷೇಪಣೆಯ ಚೀಟಿ ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಆದರೂ ಅವರು ಬಂದ ಕೂಡಲೆ ಮತ್ತು ಹೋಗುವ ಮುಂಚೆ ಫ್ರಿಜ್ಜಿನ ಬಾಗಿಲು ತೆರೆದು ಥರ್ಮಾಮೀಟರ್ ನೋಡುವುದನ್ನು ಬಿಡಲಿಲ್ಲ.

ಕೆಲವು ತಿಂಗಳು ಏನೂ ಆಗಲಿಲ್ಲ. ಒಂದು ರವಿವಾರ ಬಾಯಾರಿಗೆ ರಜೆ, ನನಗೆ ಡ್ಯೂಟಿ. ಹಿಂದಿನ ವಾರವಷ್ಟೆ ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯಲ್ಲಿ ರಕ್ತದಾನ ಶಿಬಿರ ಮಾಡಿ ಮೂವತ್ತೊಂದು ಚೀಲ ರಕ್ತ ತಂದಿದ್ದೆವು. ಅಂದು ಯಾರೂ ರಕ್ತ ಕೇಳಿ ಬರಲಿಲ್ಲ. ನಾನು ದಿನವಿಡೀ ಪರದೆಯನ್ನೇ ನೋಡಿದೆ. ಹಸಿರು ಬಣ್ಣದಲ್ಲಿ ನಾಲ್ಕು ಡಿಗ್ರಿ. ಒಮ್ಮೆಯೂ ಎದ್ದು ಹೋಗಿ ಬಾಗಿಲು ತೆರೆಯಲಿಲ್ಲ.

ಸೋಮವಾರ ಮುಂಜಾನೆ ಬಾಯಾರು ಫ್ರಿಜ್ಜು ತೆರೆದರು. ಒಳಗಿನ ಗಾಳಿ ಬೆಚ್ಚಗಿತ್ತು. ಕಂಪ್ರೆಸರ್ ಕೆಟ್ಟು ನಿಂತಿತ್ತು, ಥರ್ಮಾಮೀಟರಿನಲ್ಲಿ ಹತ್ತೊಂಬತ್ತು. ಹೊರಗೆ ಪರದೆಯ ಮೇಲೆ ಇನ್ನೂ ಹಸಿರು, ಇನ್ನೂ ನಾಲ್ಕು. ಅವರು ಒಂದು ಚೀಲ ಎತ್ತಿ ಎರಡೂ ಅಂಗೈಯಲ್ಲಿ ಹಿಡಿದು ನಿಂತರು. ಆಮೇಲೆ ಉಳಿದವನ್ನೂ ಒಂದೊಂದಾಗಿ ಮುಟ್ಟಿ ನೋಡಿದರು.

ಫೋನ್ ಮಾಡಿದಾಗ ಕಂಪನಿಯ ಮನುಷ್ಯ ತಡವರಿಸಿ ಹೇಳಿದ. ಯಂತ್ರಗಳ ಮಾಹಿತಿ ಬರಮಾಡಿಕೊಳ್ಳುವ ಆ ಸೇವೆಗೆ ಗಿರಾಕಿಗಳು ಕಡಿಮೆ ಎಂದು ಒಡೆಯರು ಶುಕ್ರವಾರ ಮುಚ್ಚಿದ್ದರು. ತಿಂಗಳುಗಟ್ಟಲೆ ಮೊದಲೇ ಮೇಲ್ ಬಂದಿತ್ತಂತೆ. ಅದು ಹೋಗಿದ್ದು ಈತನ ಕಂಪನಿಯ ಕೆಲಸ ಬಿಟ್ಟುಹೋದ ಒಬ್ಬನ ವಿಳಾಸಕ್ಕೆ. ಪರದೆಯ ಮೇಲಿದ್ದದ್ದು ಕೊನೆಗೆ ಬಂದು ನಿಂತ ಅಂಕಿ.

"ನಿಂತದ್ದು ನಿಂತೈತಿ ಅಂತ ಹೇಳಾಕ ನಿಮ್ಮ ಪರದೇಕ ನಾಲಿಗಿ ಇರ್ಲಿಲ್ಲೇನ್ರಿ? ಮಂದಿ ರಕ್ತಾ ಅದು!" ಬಾಯಾರ ಕೂಗಿಗೆ ಹೊರಗೆ ಕುಳಿತ ರೋಗಿಗಳ ಮನೆಯವರು ಎದ್ದು ನಿಂತರು.

ಮಧ್ಯಾಹ್ನ ಅಧ್ಯಕ್ಷರು ಒಂದು ಕಾಗದ ಬರೆಸಿಕೊಂಡು ಬಂದರು. ಮೂವತ್ತೊಂದು ಚೀಲಗಳನ್ನು ಅವಧಿ ಮುಗಿದ ಕಾರಣ ನಾಶ ಮಾಡಲಾಗಿದೆ, ಎಂದಿತ್ತು. ಐದು ವಾರ ಇಡಬಹುದಾದ ರಕ್ತಕ್ಕೆ ಒಂದೇ ವಾರದಲ್ಲಿ ಅವಧಿ ಮುಗಿಯಿತಂತೆ! ಬಾಯಾರು ಎಂದಿನಂತೆ ಪೂರ್ತಿ ಓದಿದರು. "ಓದೀನ್ರಿ. ಸಹಿ ಹಾಕೂದಿಲ್ಲ," ಎಂದು ಕಾಗದವನ್ನು ತಿರುಗಿಸಿ ಅವರ ಕಡೆಗೇ ದೂಡಿದರು.

ಅಧ್ಯಕ್ಷರು ನನ್ನ ಕಡೆ ನೋಡಿದರು. "ರವಿವಾರ ಡ್ಯೂಟಿ ಯಾರದಿತ್ತು?" ಎಂದರು, ಅಷ್ಟೆ.

ನಾನು ಸಹಿ ಹಾಕಿದೆ.

ಆ ವಾರವೇ ಬಾಯಾರಿಗೆ ನಾಳೆಯಿಂದ ಬರಬೇಡಿ ಎಂದರು. ಅವರು ತಮ್ಮ ಪೆನ್ಸಿಲ್, ಊಟದ ಡಬ್ಬಿ ಚೀಲಕ್ಕೆ ಹಾಕಿಕೊಂಡು ನನ್ನ ಮುಂದೆಯೇ ನಡೆದು ಹೋದರು. ಬೈದಿದ್ದರೆ ಹಗುರಾಗುತ್ತಿತ್ತು. ಹತ್ತು ದಿನ ತಡೆದು ಕಡೆಗೆ ಧಾರವಾಡಕ್ಕೆ ಅವರ ಮನೆಗೆ ಹೋದೆ. ಬಾಗಿಲಲ್ಲೇ ಅತ್ತುಬಿಟ್ಟೆ.

"ನನ್ನ ಮುಂದ ಯಾಕ ಅಳ್ತಿ? ರಕ್ತಾ ನಾ ಕೊಟ್ಟಿದ್ದಿಲ್ಲ," ಎಂದರು. ಒಳಗೆ ಹೋಗಿ ಸೀರೆ ಬದಲಿಸಿ ಬಂದರು. "ನಡಿ, ಕೊಟ್ಟೋರ ಕಡೆ ಹೋಗೋಣು."

ಉಪ್ಪಿನಬೆಟಗೇರಿಯ ಶಾಲೆಯ ಕಟ್ಟೆಯ ಮೇಲೆ ಹದಿನೈದಿಪ್ಪತ್ತು ಮಂದಿ ಸೇರಿದರು. ಬಾಯಾರು ಕೈಮುಗಿದು ನಡೆದದ್ದನ್ನೆಲ್ಲ ಹೇಳಿದರು, ಏನನ್ನೂ ತೇಲಿಸಲಿಲ್ಲ; ನನ್ನ ಪಾಲಿನದನ್ನು ಮಾತ್ರ ನನಗೇ ಬಿಟ್ಟರು. ಶಿಬಿರದಲ್ಲಿ ಮೊದಲ ಸಲ ರಕ್ತ ಕೊಟ್ಟಿದ್ದ ನೀಲವ್ವ ಎಂಬಾಕೆ ಎದ್ದು, "ಅಂದ್ರ ನನ್ನ ರಕ್ತಾ ಯಾರಿಗೂ ಹತ್ತಲಿಲ್ಲೇನ್ರಿ? ಅತ್ತಿ ಕೂಡ ಜಗಳಾ ಮಾಡಿ ಬಂದು ಕೊಟ್ಟಿದ್ನಲ್ಲಾ," ಎಂದಳು.

"ಇಲ್ಲವಾ," ಎಂದರು ಬಾಯಾರು.

ನಾನೂ ಎದ್ದು ನಿಂತೆ. "ಅವತ್ತ ಡ್ಯೂಟಿ ನಂದಿತ್ತು. ನಾ ಬಾಗಿಲಾ ತಗದು ನೋಡಲಿಲ್ಲ. ಸುಳ್ಳ ಕಾಗದಕ್ಕ ಸಹಿನೂ ಹಾಕೀನಿ," ಎಂದೆ. ಬೈದರು. ಅಷ್ಟು ಮಂದಿ ಸೇರಿ ಬೈದದ್ದು ನ್ಯಾಯವಾಗಿಯೇ ಇತ್ತು. ಆಮೇಲೆ ಒಬ್ಬ ಹಿರಿಯರು ಕಾಗದ ತರಿಸಿ, ಅಧಿಕಾರಿಗಳಿಗೆ ದೂರು ಬರೆಸಿ, ಒಬ್ಬೊಬ್ಬರಿಂದ ಸಹಿ ಹಾಕಿಸಿದರು. ನಾನೂ ಹಾಕಿದೆ.

ತಿರುಗಿ ಬಂದು ಧಾರವಾಡದ ಬಸ್ ನಿಲ್ದಾಣದಲ್ಲಿ ಇಳಿದಾಗ, ಕೆಲಸ ಬಿಡುತ್ತೇನೆ ಎಂದೆ. ಬಾಯಾರು ಸಿಟ್ಟಾದರು. "ಬಿಟ್ಟು? ಅವರ ಕೈಯಾಗ ಎಲ್ಲಾ ಕೊಟ್ಟು ಮನ್ಯಾಗ ಕೂಡ್ತೀ ಏನು? ಒಳಗ ಖರೇ ಗೊತ್ತಿದ್ದೋರು ಒಬ್ಬರರ ಇರಬೇಕು. ನಾಳಿ ಲಗೂ ಎದ್ದು ಡ್ಯೂಟಿಗೆ ಹೋಗು." ರಸ್ತೆ ದಾಟಿ ಹೋದರು. ಅವರನ್ನು ಮತ್ತೆ ನೋಡಲಾಗಲಿಲ್ಲ.

ದೂರಿನ ಮೇಲೆ ಅಧಿಕಾರಿಗಳು ತಪಾಸಣೆಗೆ ಬಂದರು. ಗಂಟೆಯ ತಂತಿ ಮತ್ತೆ ಜೋಡಿಸಿದರು, ತಖ್ತೆ ಮತ್ತೆ ಗೋಡೆಗೆ ಬಂತು. ನನಗೆ ಲಿಖಿತ ಎಚ್ಚರಿಕೆ ಸಿಕ್ಕಿತು, ಸಿಗಬೇಕಾದದ್ದೇ. ಅಧ್ಯಕ್ಷರು ಮಾತ್ರ ಅಧ್ಯಕ್ಷರಾಗಿಯೇ ಉಳಿದರು. ಮರುವರ್ಷ ಹೃದಯಾಘಾತದಿಂದ ಬಾಯಾರು ತೀರಿಕೊಂಡ ಸುದ್ದಿ ಬಂದಾಗ ಬ್ಲಡ್ ಬ್ಯಾಂಕಿನಲ್ಲೇ ಸಂತಾಪ ಸಭೆ ಕರೆದರು. ಅಧ್ಯಕ್ಷರು ಗಂಟಲು ಸರಿಪಡಿಸಿಕೊಂಡು, ಬಾಯಾರು ಸಂಸ್ಥೆಯ ಕಣ್ಣಾಗಿದ್ದರೆಂದೂ, ಅನಾರೋಗ್ಯದ ನಿಮಿತ್ತ ತಾವಾಗಿಯೇ ನಿವೃತ್ತರಾದರೆಂದೂ ಹೇಳಿದರು.

ನಾನು ಎದ್ದು ನಿಂತೆ. "ಅಲ್ರಿ. ನೀವು ತಗದ್ರಿ," ಎಂದೆ. ಯಾಕೆ ತೆಗೆದರು ಎಂಬುದನ್ನೂ ಮೊದಲಿಂದ ಹೇಳತೊಡಗಿದೆ. ಪಕ್ಕದಲ್ಲಿದ್ದವರು ನನ್ನ ಸೆರಗು ಜಗ್ಗಿ, "ಕೂಡವಾ, ಕೂಡು," ಎಂದರು. ನಾನು ಕೂಡಲಿಲ್ಲ.