ಕನಸು ಕೇಳಲು ಬಂದ ಫೋನು

ಬೂತಾಯಿ ಮೀನಿನ ತಲೆ ತೆಗೆಯುತ್ತಿರುವಾಗ ಫೋನು ಬಂದರೆ ಎತ್ತಬಾರದು ಎಂಬುದು ನಾನೇ ಮಾಡಿಕೊಂಡ ನಿಯಮ. ಇವತ್ತು ಅದು ಬಿಟ್ಟು ಬಿಟ್ಟು ನಾಲ್ಕು ಸಲ ಬಡಿದುಕೊಂಡಿತು. ಮೀನಿನ ಕೈಯನ್ನು ದೂರ ಹಿಡಿದು, ಮೊಣಕೈಯಿಂದ ಕುಟ್ಟಿ ಕುಟ್ಟಿ ಹೇಗೋ ಸ್ಪೀಕರಿಗೆ ಹಾಕಿದೆ.

ಕಡಬದಿಂದ ಮೈಮೂನಕ್ಕ, ನನ್ನ ಗಂಡನ ಅಣ್ಣನ ಹೆಂಡತಿ. ಸಲಾಂ ಮುಗಿಯುವ ಮೊದಲೇ ಸುದ್ದಿ ಬಂತು. ಅವಳ ಮಗನ ಓದು ಮುಗಿಯಿತಂತೆ, ಎರಡು ಕೆಲಸ ಸಿಕ್ಕಿದೆಯಂತೆ. ಒಂದು ಟ್ರೇಡಿಂಗ್, ಇನ್ನೊಂದು ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್.

"ಯಾವುದು ತೆಗೊಳ್ಳುದು ಅಂತ ಗೊತ್ತಾಗುದಿಲ್ಲ ಮಾರಾಯ್ತಿ. ನೀನೊಮ್ಮೆ ಇಸ್ತಿಖಾರಾ ನಮಾಝ್ ಮಾಡಿ ನೋಡು. ಇವರೇ ಹೇಳ್ಲಿಕ್ಕೆ ಹೇಳಿದ್ದು. ನಿನ್ನ ಕನಸು ಸರಿ ಬೀಳ್ತದಂತೆ."

ಕೈಯಲ್ಲಿದ್ದ ಬೂತಾಯಿ ಜಾರಿ ಸಿಂಕಿಗೆ ಬಿತ್ತು. ನನ್ನ ಕನಸಂತೆ! ಹೇಳಿದ್ದು ಯಾರು? ಕಾಕ! ನೀವೂ ಸ್ವಲ್ಪ ಕೂತು ಕೇಳಿ, ನನಗೆ ನಗು ಬಂದದ್ದು ಯಾಕೆ ಎಂದು ನಿಮಗೂ ಗೊತ್ತಾಗಲಿ.

ಮೂರು ವರ್ಷದ ಹಿಂದೆ ಇಂಥದ್ದೇ ಎರಡು ಕೆಲಸಗಳು ನಮ್ಮ ಸವಣೂರಿನ ಮನೆಗೆ ಬಂದಿದ್ದವು. ನನ್ನ ಮಗಳು ಶಹಲಾ ಮುಂಬೈಯಲ್ಲಿ ಓದು ಮುಗಿಸಿ ಊರಿಗೆ ಬಂದಿದ್ದಳು. ಹತ್ತು ದಿನದೊಳಗೆ ಒಂದಕ್ಕೆ ಹೂಂ, ಇನ್ನೊಂದಕ್ಕೆ ಊಹೂಂ ಹೇಳಬೇಕಿತ್ತು. ಒಂದು, ತಾಳೆ ಎಣ್ಣೆಯನ್ನು ಹಡಗುಗಟ್ಟಲೆ ಕೊಂಡು ಮಾರುವ ಕಂಪೆನಿ. ಅಲ್ಲಿ ಬೆಲೆ ನೋಡುತ್ತಾ ಕೂತು, ಈಗ ಕೊಳ್ಳುವುದೋ ಮಾರುವುದೋ ಎಂದು ತೀರ್ಮಾನಿಸುವ ಕೆಲಸ. ಇನ್ನೊಂದು, ದೊಡ್ಡ ಕಂಪೆನಿಗಳು ಒಂದನ್ನೊಂದು ಕೊಳ್ಳುವಾಗ, ಶೇರು ಮಾರುವಾಗ, ನಡುವೆ ನಿಂತು ಕಮಿಷನ್ ಪಡೆಯುವ ಬ್ಯಾಂಕು. ಇಷ್ಟು ಅರ್ಥವಾಗಲು ನನಗೆ ಎರಡು ದಿನ ಬೇಕಾಯಿತು. ಕಾಕನಿಗೆ ಎರಡು ನಿಮಿಷ ಸಾಕಾಯಿತು, ಯಾಕೆಂದರೆ ಅವರು ಅರ್ಥ ಮಾಡಿಕೊಳ್ಳಲು ಹೋಗಲಿಲ್ಲ.

ಕಾಕ ಎಂದರೆ ಈ ಮೈಮೂನಕ್ಕನ ಗಂಡ. ಕಡಬದಲ್ಲಿ ಹಾರ್ಡ್‌ವೇರ್ ಅಂಗಡಿ. ಕುಟುಂಬದಲ್ಲಿ ಯಾರ ಮನೆಯ ಬಾವಿಗೆ ಎಷ್ಟು ರಿಂಗ್ ಇಳಿಸಬೇಕು ಎಂಬುದರಿಂದ ಹಿಡಿದು ಯಾರ ಮಗು ಯಾವ ಶಾಲೆಗೆ ಎಂಬುದರವರೆಗೆ ಅವರದ್ದೇ ಮಾತು. ನನ್ನ ಗಂಡ ಅವರ ಮುಂದೆ "ನೋಡುವಾ" ಎನ್ನುವುದನ್ನು ಬಿಟ್ಟು ಬೇರೆ ಮಾತು ಆಡಿದ್ದನ್ನು ನಾನು ಕೇಳಿಲ್ಲ.

"ಟ್ರೇಡಿಂಗಾ? ಅದಕ್ಕೆ ಮುಂಬೈಗೆ ಹೋಗಿ ಕಲೀಬೇಕಾ?" ಎಂದು ಕಾಕ ನಮ್ಮ ಚಾವಡಿಯಲ್ಲಿ ಕೂತು ಕೇಳಿದರು. "ನಮ್ಮ ಬಾಪ ಈ ಪೇಟೆಯಲ್ಲಿ ಗೋಣಿ ಹಾಸಿ ಕೂತು ಮಾಡಿದ್ದೂ ಅದೇ. ನೀನು ಕೋಟು ಹಾಕುವ ಕೆಲಸ ಹಿಡಿ ಮಗಾ."

ನನ್ನ ಮಾವ ಕರಿಮೆಣಸಿನ ವ್ಯಾಪಾರಿ. ಒಂದು ಕಾಳು ಬಾಯಿಗೆ ಹಾಕಿ ಕಡಿದರೆ, ಎಷ್ಟು ಬಿಸಿಲು ಕಂಡಿದೆ ಎಂದು ಹೇಳುತ್ತಿದ್ದರು. ಆ ಗೋಣಿಯ ಮೇಲಿನ ಗಂಜಿ ಉಂಡೇ ಕಾಕ ಇಷ್ಟು ಅಗಲವಾಗಿ ಬೆಳೆದದ್ದು. ಈಗ ಅದರ ಹೆಸರು ಹೇಳುವಾಗ ಮೂಗು ಮೇಲೆ ಹೋಗುತ್ತದೆ.

ಹಾಗೆಂದು ಮೊದಲ ದಿನ ಅವರು ಬ್ಯಾಂಕಿಗೂ ಒಪ್ಪಿರಲಿಲ್ಲ. ಬ್ಯಾಂಕೆಂದರೆ ಬಡ್ಡಿ, ಬಡ್ಡಿಯೆಂದರೆ ಹರಾಮು ಎಂದು ಅರ್ಧ ಗಂಟೆ ಉಪದೇಶ ಮಾಡಿದರು. ನನಗೂ ಆ ಹೆದರಿಕೆ ಇತ್ತು, ಈಗಲೂ ಉಂಟು. ಅಷ್ಟರಲ್ಲಿ ಮಗಳು ಸಂಬಳ ಹೇಳಿದಳು, ಆಫೀಸಿನ ಕಟ್ಟಡದ ಫೋಟೋ ತೋರಿಸಿದಳು. ಕಾಕ ಫೋನನ್ನು ಉದ್ದಕ್ಕೆ ಹಿಡಿದು, ಅಡ್ಡಕ್ಕೆ ಹಿಡಿದು ನೋಡಿದರು. ಹರಾಮಿನ ಮಾತು ಹಿಂಬಾಗಿಲಿನಿಂದ ಹೋದದ್ದು ಮತ್ತೆ ಬರಲಿಲ್ಲ. ಆ ಶುಕ್ರವಾರ ಜುಮಾ ಮುಗಿಸಿ ಬರುವ ದಾರಿಯಲ್ಲಿ, ತಮ್ಮನ ಮಗಳಿಗೆ ಬ್ಯಾಂಕಿನಲ್ಲಿ ಕೆಲಸವಾಯಿತು ಎಂದು ಅರ್ಧ ಕಡಬಕ್ಕೆ ಹೇಳಿಯೂ ಆಗಿತ್ತು.

ನಾನು ಮಗಳನ್ನೇ ಕೇಳಿದೆ. "ಸತ್ಯ ಹೇಳು, ಇದರಲ್ಲಿ ಯಾವುದು ಶುದ್ಧ?"

"ಎರಡೂ ಪೂರ್ತಿ ಶುದ್ಧ ಇಲ್ಲ ಉಮ್ಮ. ಬ್ಯಾಂಕಿನವರು ಕಂಪೆನಿಗಳಿಗೆ ಸಾಲ ಮಾಡಿಸಿ ಕೊಡ್ತಾರೆ, ಅಲ್ಲಿ ಬಡ್ಡಿ ಉಂಟು. ಟ್ರೇಡಿಂಗಲ್ಲಿ ಕೈಗೆ ಬಾರದ ಎಣ್ಣೆಯನ್ನೂ ಕಾಗದದಲ್ಲಿ ಮಾರುದುಂಟು. ನನಗೆ ಹಡಗಿನಲ್ಲಿ ನಿಜವಾಗಿ ಬರುವ ಎಣ್ಣೆಯ ಕೆಲಸವೇ ಕೊಡಿ ಅಂತ ಕೇಳಿದ್ದೇನೆ. ಕೊಡ್ತಾರೋ ಇಲ್ವೋ."

"ನಿನಗೆ ಯಾವುದು ಬೇಕು?"

"ಬ್ಯಾಂಕಲ್ಲಿ ತಪ್ಪಾದ್ರೆ ಐದು ವರ್ಷ ಬಿಟ್ಟು ಗೊತ್ತಾಗ್ತದೆ, ಅಷ್ಟರಲ್ಲಿ ಅದು ಯಾರ ತಪ್ಪು ಅಂತ ಯಾರಿಗೂ ನೆನಪಿರುದಿಲ್ಲ. ಟ್ರೇಡಿಂಗಲ್ಲಿ ಸಂಜೆಗೇ ಗೊತ್ತಾಗ್ತದೆ. ನನಗೆ ಅದೇ ಇಷ್ಟ."

ನನಗೆ ಅದು ಕೂಡಲೇ ಅರ್ಥವಾಯಿತು. ನನ್ನ ಸಾರಿನ ಉಪ್ಪು ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ, ಐದು ವರ್ಷ ಯಾರೂ ಕಾಯುವುದಿಲ್ಲ.

ಆದರೆ ಕಾಕ ಬಿಡಬೇಕಲ್ಲ. ಹುಡುಗಿ ಹಟ ಹಿಡಿದಳು ಎಂದು ಕಂಡಾಗ ದೇವರನ್ನು ನಡುವೆ ತಂದರು. ಎರಡರಲ್ಲಿ ಯಾವುದೆಂದು ತಿಳಿಯದಾಗ ಎರಡು ರಕಅತ್ ನಮಾಝ್ ಮಾಡಿ, ಒಳ್ಳೆಯದನ್ನೇ ಸುಲಭ ಮಾಡಿಕೊಡು ಎಂದು ಅಲ್ಲಾಹನಲ್ಲಿ ಬೇಡುವುದೇ ಇಸ್ತಿಖಾರಾ. ಅದಕ್ಕೆ ಕನಸು ಬೀಳಲೇಬೇಕೆಂದಿಲ್ಲ. ಆದರೆ ನಮ್ಮವರಿಗೆ ಕನಸೇ ಬೇಕು. ಏಳು ದಿನ ನಾನು ಮಾಡುವುದು, ಕಂಡದ್ದನ್ನು ಬೆಳಿಗ್ಗೆ ಕಾಕನಿಗೆ ಹೇಳುವುದು ಎಂದಾಯಿತು. ಕುಟುಂಬದಲ್ಲೆಲ್ಲ ನನ್ನ ನಮಾಝೇ ಗಟ್ಟಿ ಎಂದು ಅವರು ಹೇಳಿದಾಗ ನಾನೂ ಉಬ್ಬಿದೆ, ಸುಳ್ಳು ಯಾಕೆ ಹೇಳಲಿ?

ಬೆಳಗಿನ ಸುಬ್‌ಹಿ ನಮಾಝ್ ಮುಗಿಸಿ, ಕೂತಿದ್ದ ಚಾಪೆ, ಮುಸಲ್ಲ, ಮಡಚುವಷ್ಟರಲ್ಲಿ ಕಾಕನ ಫೋನು. "ಎಂತ ಕಂಡಿ?"

"ಎಂತದೂ ಇಲ್ಲ ಕಾಕ."

ಎರಡನೇ ದಿನ ಮಿಕ್ಸಿಯ ಮುಚ್ಚಳ ಕಳೆದುಹೋದ ಕನಸು ಬಿತ್ತು. ಇದ್ದದ್ದನ್ನು ಹೇಳಿದೆ. ಕಾಕ ಅದಕ್ಕೂ ಅರ್ಥ ಹುಡುಕಿದರು. "ಮಿಕ್ಸಿ ಅಂದ್ರೆ ಮೆಷಿನು. ಮೆಷಿನು ಅಂದ್ರೆ ಕಂಪ್ಯೂಟರು. ಬ್ಯಾಂಕೇ ಅಲ್ವಾ?"

"ಕಂಪ್ಯೂಟರು ಎರಡರಲ್ಲೂ ಉಂಟು ಕಾಕ."

"ಮತ್ತೆ ಮುಚ್ಚಳ?"

ಮುಚ್ಚಳಕ್ಕೆ ಅರ್ಥ ಹುಡುಕಲು ಅವರಿಗೆ ಒಂದು ದಿನ ಹಿಡಿಯಿತು. ಐದನೇ ದಿನ ಮೈಮೂನಕ್ಕ ಗುಟ್ಟಿನಲ್ಲಿ ಫೋನು ಮಾಡಿದಳು. "ಒಂದು ಎತ್ತರದ ಕಟ್ಟಡ ಕಂಡೆ ಅಂತ ಹೇಳಿಬಿಡು ಮಾರಾಯ್ತಿ. ಯಾರು ನೋಡ್ಲಿಕ್ಕೆ ಬರ್ತಾರೆ?"

ನೋಡುವವನು ಒಬ್ಬ ಇದ್ದಾನಲ್ಲ. ಕಾಣದ ಕನಸನ್ನು ಕಂಡೆ ಎನ್ನುವುದು ಎಂಥ ಪಾಪ ಎಂದು ನಾನು ಮದ್ರಸದಲ್ಲಿ ಕಲಿತಿದ್ದೇನೆ. ಏಳನೇ ದಿನ ಕಾಕನೇ ಮನೆಗೆ ಬಂದರು. ಎಂತದೂ ಕಾಣಲಿಲ್ಲ ಎಂದೆ.

"ಏಳು ದಿನ ನಮಾಝ್ ಮಾಡಿ ಎಂತದೂ ಇಲ್ವಾ? ಹಾಗಾದ್ರೆ ನೀನು ಬೇಡಿದ್ದಾದ್ರೂ ಎಂತ?"

ಆ ಮನುಷ್ಯ ಜನ್ಮದಲ್ಲಿ ಕೇಳಿದ ಒಂದೇ ಒಂದು ಸರಿಯಾದ ಪ್ರಶ್ನೆ ಅದು. ಉತ್ತರ ಇತ್ತು, ಹೇಳುವ ಹಾಗಿರಲಿಲ್ಲ. ಅವರು ಸಿಟ್ಟಿನಲ್ಲಿ ಚಾ ಕುಡಿಯದೆ ಹೋದರು. ನಾನು ಒಳಗೆ ಹೋಗಿ ಮಣ್ಣಿನ ಓಡಿನ ಮೇಲೆ ಅಕ್ಕಿರೊಟ್ಟಿಯಂಥ ಪತ್ತಿರಿ ಬೇಯಿಸುತ್ತಿದ್ದ ಮಗಳಿಗೆ ಹೇಳಿಬಿಟ್ಟೆ. ಏಳು ದಿನವೂ ನಾನು ಬೇಡಿದ್ದು, ಎರಡೂ ಕೆಲಸ ತಪ್ಪಿಹೋಗಲಿ ಎಂದು. ಪುತ್ತೂರಿನ ಯಾವುದಾದರೂ ಕಾಲೇಜಿನಲ್ಲಿ ಅವಳು ಪಾಠ ಮಾಡಲಿ, ಸಂಜೆ ಐದರ ಬಸ್ಸಿನಲ್ಲಿ ಮನೆಗೆ ಬರಲಿ ಎಂದು.

ಕಾಕನನ್ನು ನೋಡಿ ನಾನು ನಗುವುದು ಹೌದು. ಆದರೆ ಅವರು ಮೋಸ ಮಾಡಲು ಹೊರಟದ್ದು ಕಡಬದ ಜನರಿಗೆ. ನಾನು ಮುಸಲ್ಲದ ಮೇಲೆ ಕೂತು ಮಾಡಿದ್ದು ಯಾರಿಗೆ?

ಪತ್ತಿರಿ ಹೊತ್ತಿತು. "ಉಮ್ಮ, ನೀವು ನನ್ನ ವಿರುದ್ಧವೇ ದುಆ ಬೇಡಿದ್ರಾ?" ಎಂದು ಅವಳು ನಕ್ಕಳು. ನಕ್ಕದ್ದು ಕಣ್ಣಿನವರೆಗೆ ಹೋಗಲಿಲ್ಲ. ಆ ಮಧ್ಯಾಹ್ನ ತಾನೇ ಕೈಕಾಲು ಮುಖ ತೊಳೆದು ವುಝೂ ಮಾಡಿ, ತಾನೇ ಎರಡು ರಕಅತ್ ನಮಾಝ್ ಮಾಡಿ, ಮುಸಲ್ಲದಿಂದ ಎದ್ದವಳೇ ಎಣ್ಣೆಯ ಕಂಪೆನಿಗೆ ಒಪ್ಪಿಗೆ ಕಳಿಸಿದಳು. ಕನಸಿಗೆ ಕಾಯಲಿಲ್ಲ.

ಈಗ ದುಬೈಯಲ್ಲಿದ್ದಾಳೆ. ಕೇಳಿದ ಹಡಗಿನ ಕೆಲಸವೇ ಸಿಕ್ಕಿತು, ಅಲ್‌ಹಮ್ದುಲಿಲ್ಲಾಹ್. ಎಲ್ಲ ಸಂಜೆಯೂ ಒಳ್ಳೆಯದಲ್ಲ. "ಇವತ್ತು ನನ್ನದೇ ತಪ್ಪು ಉಮ್ಮ" ಎನ್ನುವ ದಿನಗಳೂ ಉಂಟು. ಆದರೂ ದಿನಾ ಫೋನು ಮಾಡುತ್ತಾಳೆ, ಅದು ಸಣ್ಣ ಭಾಗ್ಯವಲ್ಲ. ಕಾಕ ಅವಳ ಹೆಸರನ್ನು ಊರಿಡೀ ಹೇಳಿಕೊಂಡು ತಿರುಗುತ್ತಾರೆ. ನಾನು ಕನಸು ಕಂಡೇ ಅವಳನ್ನು ಅಲ್ಲಿಗೆ ಕಳಿಸಿದ್ದು ಎಂಬುದನ್ನೂ ಅವರೇ ಕಟ್ಟಿದ್ದಾರೆ. ಗೋಣಿ ದುಬೈಗೆ ಹೋದ ಮೇಲೆ ಅದಕ್ಕೂ ಮರ್ಯಾದೆ ಬಂತು.

"ಕೇಳ್ತದಾ?" ಎಂದಳು ಫೋನಿನಲ್ಲಿ ಮೈಮೂನಕ್ಕ.

"ಕೇಳ್ತದೆ. ಕೆಲಸ ಮಾಡುದು ಯಾರು? ನಿಮ್ಮ ಮಗ. ನಮಾಝೂ ಅವನೇ ಮಾಡ್ಲಿ. ಆ ಏಳು ದಿನವೂ ನಾನು ಯಾವ ಕನಸೂ ಕಾಣಲಿಲ್ಲ, ಮಿಕ್ಸಿಯ ಮುಚ್ಚಳ ಬಿಟ್ಟು. ಕಾಕನಿಗೆ ನೆನಪು ಮಾಡಿ."

ಆಚೆ ಕಡೆ ಫೋನಿಟ್ಟ ಶಬ್ದ.

ನಿಮ್ಮಲ್ಲಿ ಮುಚ್ಚಿಡುವುದೇನು, ಇವತ್ತಿನವರೆಗೂ ನನ್ನ ದುಆದ ಕೊನೆಯಲ್ಲಿ ಆ ಐದರ ಬಸ್ಸು ಬಂದು ನಿಲ್ಲುತ್ತಲೇ ಇತ್ತು. ಈಗ ಮೀನಿನ ಕೈಯಲ್ಲೇ ನಿಂತು, ಅವಳ ಇವತ್ತಿನ ಸಂಜೆ ಒಳ್ಳೆಯದಾಗಲಿ ಎಂದಷ್ಟೇ ಬೇಡಿದೆ. ಅದಕ್ಕೆ ಬೇರೇನೂ ಸೇರಿಸಲಿಲ್ಲ. ಸಿಂಕಿಗೆ ಬಿದ್ದ ಬೂತಾಯಿಯನ್ನು ಎತ್ತಿಕೊಂಡೆ. ಇನ್ನೂ ಹನ್ನೊಂದು ಬಾಕಿ ಇದ್ದವು, ಮೆಣಸು ಅರೆಯುವುದೂ ಆಗಿರಲಿಲ್ಲ.