ಓದಿ ಹೇಳ್ತೀನಿ, ಕೇಳ್ರಿ

ಪ್ರಲ್ಹಾದರಾಯರ ದನಿಯಲ್ಲಿ ಏರಿಳಿತ ಎಂಬುದೇ ಇರಲಿಲ್ಲ. ಕೊಲೆಯ ಸಾಕ್ಷಿಯನ್ನೂ ಕೋಳಿ ಕಳವಿನ ದೂರನ್ನೂ ಒಂದೇ ದನಿಯಲ್ಲಿ ಓದುತ್ತಿದ್ದರು. ಒಮ್ಮೆ ಯಾರೋ ಮದುವೆಯ ಪತ್ರಿಕೆ ಟೈಪ್ ಮಾಡಿಸಲು ಬಂದಿದ್ದರು. ರಾಯರು ಅದನ್ನು ಓದಿದ ರೀತಿಗೆ ವರನ ಅಪ್ಪ ಗಾಬರಿಯಾಗಿ, "ಇದೇನ್ರಿ ರಾಯರ, ಮದಿವಿನೋ ಜಪ್ತಿನೋ?" ಎಂದು ಕೇಳಿದ. ರಾಯರು ನಗಲಿಲ್ಲ. "ಅಕ್ಷರ ಸರಿ ಅವ ಇಲ್ಲೋ, ಅಷ್ಟು ಹೇಳ್ರಿ" ಎಂದರು.

ಸರ್ವಿಸೆಲ್ಲ ಅವರು ಈ ಸುತ್ತಿನ ತಾಲೂಕು ಕೋರ್ಟುಗಳಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ಸಾಕ್ಷಿ ಹೇಳಿ ಮುಗಿಸಿದ ಮೇಲೆ ಅವನ ಮಾತನ್ನು ಅವನಿಗೇ ಓದಿ ಹೇಳಬೇಕು, ಅವನು ಸರಿಯಿದೆ ಎಂದು ಒಪ್ಪಬೇಕು, ಆಮೇಲೆ ಸಹಿ. ರಾಯರ ಪಾಲಿಗೆ ನ್ಯಾಯವೆಂದರೆ ಇಷ್ಟೇ. ಉಳಿದದ್ದೆಲ್ಲ ವಕೀಲರ ಹೊಟ್ಟೆಪಾಡು. ನಿವೃತ್ತಿಯ ಮೇಲೆ ಚಿತ್ತಾಪುರದ ಕೋರ್ಟಿನ ಪಕ್ಕದ ಸಂದಿಯಲ್ಲಿ ಒಂದು ಕೋಣೆ ಹಿಡಿದು ಅರ್ಜಿ, ಅಫಿಡವಿಟ್ ಟೈಪ್ ಮಾಡುತ್ತಿದ್ದರು. ನೆಲಕ್ಕೆ ಶಹಾಬಾದಿನ ಪರ್ಸಿಕಲ್ಲು, ಮೇಲೆ ಕಿರುಗುಟ್ಟುವ ಫ್ಯಾನು, ಅಕ್ಷರಗಳೆಲ್ಲ ಸವೆದುಹೋದ ಒಂದು ಕೀಬೋರ್ಡು. ಅಲ್ಲಿ ಯಾರಿಗೂ ಏಕವಚನ ಇರಲಿಲ್ಲ. ಸಹಿ ಮಾಡುವವರು ಎಷ್ಟೇ ಸಣ್ಣವರಿದ್ದರೂ ಅವರಿಗೆ "ರೀ". ಇನ್ನೊಂದು ನಿಯಮವೂ ಇತ್ತು: ಹೇಳಿದ ಮಾತನ್ನು ಹೇಳಿದವರೇ ಬದಲಿಸಬೇಕು. ರಾಯರು ಒಂದು ಕೊಂಬನ್ನೂ ತಾವಾಗಿ ತಿದ್ದುತ್ತಿರಲಿಲ್ಲ.

ಇದಕ್ಕೊಂದು ಕತೆ ಹೇಳುತ್ತಿದ್ದರು. ಸನ್ನತಿ ಕಡೆಯ ಮುದುಕಿಯೊಬ್ಬಳು ಸಾಕ್ಷಿಗೆ ಬಂದು, "ಬಂದ, ಹೊಡದ, ಹೋದ" ಎಂದಳಂತೆ. ಜಡ್ಜ್ ಸಾಹೇಬರು ಬರೆಸಿದ್ದು "ಕೋಪಗೊಂಡು ಹೊಡೆದನು" ಎಂದು. ಓದಿ ಹೇಳಿದಾಗ ಮುದುಕಿ, "ಸಿಟ್ಟಿನ ಮಾತು ನಾ ಎಲ್ಲಿ ಆಡೀನಿ? ನಕ್ಕೋತ ಹೊಡದಾನ ಅಂವ" ಎಂದಳಂತೆ. ಆ ಒಂದು ಮಾತಿಗೆ ಕೇಸೇ ಬೇರೆಯಾಯಿತಂತೆ. ಯಾವ ಕೋರ್ಟು ಎಂದು ಕೇಳಿದರೆ ಹೇಳುತ್ತಿರಲಿಲ್ಲ. ಈ ಕತೆಗೆ ಸಾಕ್ಷಿ ರಾಯರೊಬ್ಬರೇ, ಆದ್ದರಿಂದ ನಾನಿದನ್ನು ಪೂರ್ತಿ ನಂಬಿಲ್ಲ. ಇದನ್ನು ಅವರೆದುರಿಗೇ ಹೇಳಿದ್ದೆ. "ನಂಬಬ್ಯಾಡ್ರಿ. ಅದೇ ಸರಿ" ಎಂದಿದ್ದರು.

ಅವರ ಕೋಣೆಗೆ ನಾನು ಮೊದಲು ಹೋದದ್ದು ಅಪ್ಪನ ಜೊತೆ, ಪಿಯುಸಿ ಎರಡನೇ ವರ್ಷದಲ್ಲಿ. ನಮ್ಮದು ರಾವೂರಿನ ದಲಿತ ಬೌದ್ಧರ ಓಣಿ. ಅಪ್ಪ ವಾಡಿಯಲ್ಲಿ ರೈಲ್ವೆ ಗ್ಯಾಂಗ್‌ಮನ್. ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆಗೆ ಒಂದು ಟ್ರಸ್ಟಿನವರು ಪುಕ್ಕಟೆ ತರಬೇತಿ ಕೊಡುತ್ತಿದ್ದರು. ಅದಕ್ಕೆ ಮನೆಯ ಸ್ಥಿತಿಯ ಬಗ್ಗೆ ಅಪ್ಪನ ಅಫಿಡವಿಟ್ ಬೇಕಿತ್ತು. ಒಕ್ಕಣೆ ಮಗಳದು, ಅಂದರೆ ನನ್ನದು. ಆ ಹೊತ್ತಿಗಾಗಲೇ ತಾಲೂಕು ಮಟ್ಟದ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ಕಪ್ಪು ಗೆದ್ದಿದ್ದೆ, ಭಾಷೆಗೇನೂ ಬರವಿರಲಿಲ್ಲ.

ರಾಯರು ಅಪ್ಪನ ಹೆಸರು ಕೇಳಿದರು, ಊರು ಕೇಳಿದರು. "ರಾವೂರದಾಗ ಯಾವ ಓಣಿ?" ಎಂದರು. ಅಪ್ಪ ಹೇಳಿದ. "ಹೂಂ" ಎಂದು ಟೈಪ್ ಮಾಡಿ ಮುಗಿಸಿ, "ಓದಿ ಹೇಳ್ತೀನಿ, ಕೇಳ್ರಿ" ಎಂದು ಶುರು ಮಾಡಿದರು: "ಕಡುಬಡತನದ ಬೆಂಕಿಯಲ್ಲಿ ಬೆಂದು, ಕಣ್ಣೀರಿನಲ್ಲಿ ಕೈತೊಳೆಯುತ್ತಿರುವ ನಾನು..."

ಅಪ್ಪ ಕೈಯೆತ್ತಿ ತಡೆದ. "ಯಾರ್ರಿ ಸಾಹೇಬ್ರ ಇಂವ, ಕಣ್ಣೀರಾಗ ಕೈ ತೊಳಿಯಾಂವ?"

"ನೀವೇ."

"ನಾ ಎಂದ ತೊಳದೀನ್ರಿ? ತಿಂಗಳಾ ಪಗಾರ ತಗೋತೀನಿ, ನಳದಾಗ ಕೈ ತೊಳೀತೀನಿ. ಇದಕ್ಕ ನಾ ಸಹಿ ಹಾಕಂಗಿಲ್ಲ."

"ಅಪ್ಪಾ, ಹಿಂಗ ಬರದ್ರನ ಸೀಟ್ ಕೊಡ್ತಾರ" ಎಂದು ನಾನು ವಾದಕ್ಕಿಳಿದೆ. ರಾಯರು ನನ್ನ ಕಡೆ ತಿರುಗಿ, "ಸಹಿ ಅವರದು, ಮಾತು ನಿಮ್ಮದು. ಹೆಂಗ ಕೂಡ್ತದ?" ಎಂದರು. ಕೊನೆಗೆ ಅಫಿಡವಿಟ್ಟಿನಲ್ಲಿ ಅಪ್ಪ ಹೇಳಿದ ಎರಡೇ ಸಾಲು ಹೋಯಿತು. ಸೀಟು ಸಿಕ್ಕಿತು. ಸೀಟು ಸಿಕ್ಕಿದ ಸಂತೋಷಕ್ಕಿಂತ ನನ್ನ ವಾದ ಬಿದ್ದುಹೋದ ಸಿಟ್ಟೇ ಹೆಚ್ಚಾಗಿತ್ತು.

ಆಮೇಲೆ ಚಿತ್ತಾಪುರಕ್ಕೆ ಬಂದಾಗಲೆಲ್ಲ ಆ ಕೋಣೆಗೆ ನುಗ್ಗುವುದು ರೂಢಿಯಾಯಿತು. ಜಗಳವಾಡಲು ಒಬ್ಬರು ಬೇಕಿತ್ತು, ಅವರು ಸಿಕ್ಕಿದ್ದರು. ಒಮ್ಮೆ ಕೇಳಿದರು, "ಮೊನ್ನೆ ಸೇಡಂದ ಚರ್ಚಾಸ್ಪರ್ಧೆಯಾಗ ಗೆದ್ರಂತ. ಯಾವ ಕಡಿ ಇದ್ರಿ?"

"ವಿರೋಧದ ಕಡಿ."

"ಪರ ಇದ್ದಿದ್ರ?"

"ಆಗೂ ಗೆಲ್ತಿದ್ದೆ."

"ಹಂಗಾದ್ರ ಗೆದ್ದಿದ್ದು ಏನು?" ಎಂದವರೇ ಕನ್ನಡಕ ಒರೆಸಿಕೊಂಡು ಕೆಲಸಕ್ಕೆ ಕೂತರು.

ಪರೀಕ್ಷೆ ಮುಗಿದು ಎರಡು ಸೀಟು ಒಟ್ಟಿಗೆ ಬಂದವು. ಒಂದು, ಹೆಸರು ಹೇಳಿದರೆ ದೇಶದ ಯಾವ ಮೂಲೆಯಲ್ಲೂ ತಲೆದೂಗುವ ಕಾನೂನು ಶಾಲೆ. ಇನ್ನೊಂದು, ಶುರುವಾಗಿ ಹೆಚ್ಚು ವರ್ಷವಾಗದ ಖಾಸಗಿ ಕಾಲೇಜು. ಅಲ್ಲಿ ನನ್ನ ಅಂಕಕ್ಕೆ ಪೂರ್ತಿ ಸ್ಕಾಲರ್‌ಶಿಪ್: ಐದೂ ವರ್ಷದ ಫೀಸು, ಹಾಸ್ಟೆಲು, ಊಟ ಎಲ್ಲ ಮಾಫಿ. ದೊಡ್ಡ ಶಾಲೆಗೆ ಸರ್ಕಾರದ ನೆರವು ಸಿಗುವಂತಿರಲಿಲ್ಲ. ಅಪ್ಪನ ಪಗಾರ ಅದರ ಮಿತಿಯನ್ನು ಚೂರೇ ಚೂರು ದಾಟಿತ್ತು. ಉಳಿದ ದಾರಿ ಅಪ್ಪನ ಪಿ.ಎಫ್. ಅದನ್ನು ನನ್ನ ತಂಗಿಯ ಓದಿಗೆಂದು ಮುಟ್ಟದೆ ಇಟ್ಟಿದ್ದ. "ನಿನಗ ಯಾವುದು ಬೇಕೋ ಅದು ಮಾಡು" ಎಂದುಬಿಟ್ಟ ಅಪ್ಪ. ಬೇಡ ಎಂದಿದ್ದರೆ ವಾದ ಮಾಡಿ ಗೆಲ್ಲಬಹುದಿತ್ತು.

ಎರಡಕ್ಕೂ ಒಪ್ಪಿಗೆ ತಿಳಿಸುವ ಗಡುವು ಒಂದೇ ದಿನ, ಸಂಜೆ ಐದಕ್ಕೆ. ಯಾವುದನ್ನೇ ಒಪ್ಪಿದರೂ ನೋಟರಿಯ ಮೊಹರು ಬಿದ್ದ ಮುಚ್ಚಳಿಕೆ ಪತ್ರವನ್ನು ಅಷ್ಟರೊಳಗೆ ಅಪ್‌ಲೋಡ್ ಮಾಡಬೇಕು. ನೋಟರಿ ನಾಲ್ಕೂವರೆಗೆ ಎದ್ದುಹೋಗುತ್ತಾರೆ. ನಾನು ರಾಯರ ಕೋಣೆ ಹೊಕ್ಕಾಗ ಮೂರೂಕಾಲು. ಎರಡೂ ನಮೂನೆ ಫೋನಿನಲ್ಲಿದ್ದವು.

"ಯಾವುದು ಟೈಪ್ ಮಾಡ್ಲಿ?"

"ದೊಡ್ಡದು. ಹೆಸರಿಂದು."

"ಇನ್ನೊಂದರಾಗ ಪುಕ್ಕಟೆ ಕಲಸ್ತಾರ ಅಂದ್ರಿ."

"ಹೂಂ."

"ಎರಡೂ ಕಡಿ ಕಾನೂನು ಒಂದೇ ಅದ ಇಲ್ಲ? ಕಲಮು ಬ್ಯಾರೆ ಬ್ಯಾರೆ ಏನಿಲ್ಲಲ್ಲ? ಖಾಲಿ ಹೆಸರು ತಗೊಂಡು ಏನ್ ಮಾಡ್ತೀರಿ?"

ಅಷ್ಟು ಸಾಕಾಯಿತು. ನಾನು ಎದ್ದುನಿಂತೆ. ವೇದಿಕೆ, ಮೈಕು ಒಂದೂ ಇಲ್ಲ, ಆದರೂ ಬೆರಳು ತಾನಾಗಿ ಮೇಲೆದ್ದಿತು. ಹತ್ತು ನಿಮಿಷ ಸ್ಪರ್ಧೆಯ ಭಾಷೆಯಲ್ಲೇ ಮಾತಾಡಿದೆ. ಕೊನೆಗೆ, "ಹೆಸರು ಬ್ಯಾಡ ಅನ್ನೋದು ನಿಮಗ ಸಸಾರ ಅದ ರಾಯರ. ಪ್ರಲ್ಹಾದರಾವ್ ಅಂದ್ರ ಎಲ್ಲಾ ಬಾಗಿಲ ತೆಗೀತಾವ. ನನ್ನ ಹೆಸರು ಕೇಳಿದ ಮ್ಯಾಲ ಊರು ಯಾವುದು, ಓಣಿ ಯಾವುದು ಅಂತ ಕೇಳ್ತಾರ" ಎಂದೆ. ಕೂತಾಗಲೇ ಗೊತ್ತಾದದ್ದು, ರಾಯರು ಅಷ್ಟೂ ಹೊತ್ತು ಟೈಪ್ ಮಾಡುತ್ತಿದ್ದರು.

"ಓದಿ ಹೇಳ್ತೀನಿ, ಕೇಳ್ರಿ."

"ಟೈಮ್ ಇಲ್ರಿ."

"ಕೇಳ್ರಿ. ದೊಡ್ಡ ಶಾಲೆಯ ಹೆಸರಿಗೆ ಜನ ಮರ್ಯಾದೆ ಕೊಡುತ್ತಾರೆ. ದೊಡ್ಡ ವಕೀಲರು ಜೂನಿಯರ್ ಎಂದು ಸೇರಿಸಿಕೊಳ್ಳುತ್ತಾರೆ. ನಮ್ಮ ಕಾಲೇಜಿನವರು ಬ್ಯಾನರ್ ಕಟ್ಟುತ್ತಾರೆ. ಹೆಣ್ಣಿಗೆ ಇಷ್ಟು ಓದು ಯಾಕೆ ಎನ್ನುವ ಬೀಗರು ಬಾಯಿ ಮುಚ್ಚುತ್ತಾರೆ..."

ಗುಡುಗಿದ್ದೇನೆ ಎಂದುಕೊಂಡಿದ್ದ ಸಾಲುಗಳು ಅವರ ಬಾಯಲ್ಲಿ ರೇಷನ್ ಅಂಗಡಿಯ ಪಟ್ಟಿಯಂತೆ ಕೇಳಿದವು. ಕೊಡುತ್ತಾರೆ, ಕಟ್ಟುತ್ತಾರೆ, ಮುಚ್ಚುತ್ತಾರೆ. ಎಲ್ಲವೂ ಇನ್ನೊಬ್ಬರು ಮಾಡುವುದು. ಆಗ ಅವರು ಕೊನೆಯ ಸಾಲಿಗೆ ಬಂದರು: "ನನ್ನ ಹೆಸರು ಕೇಳಿದ ಮ್ಯಾಲ ಊರು ಯಾವುದು, ಓಣಿ ಯಾವುದು..." ಅಲ್ಲಿ ದನಿ ನಿಂತಿತು. ಹಾಗೆ ಅವರು ನಡುವೆ ನಿಂತದ್ದನ್ನು ನಾನು ಕಂಡಿರಲಿಲ್ಲ.

"ಇದು ಯಾರು ಕೇಳಿದ್ರು?"

"ನೀವೇ."

"ನಾ?"

"ಮೊದಲನೇ ದಿನ. ಅಪ್ಪಗ."

"ಅಡ್ರೆಸ್ಸಿಗಿ ಕೇಳೀನಿ."

"ಆ ಅಫಿಡವಿಟ್ಟಿನ ಜೆರಾಕ್ಸ್ ನನ್ನ ಫೈಲಿನಾಗ ಅದ." ಹೊರತೆಗೆದು ಮೇಜಿನ ಮೇಲೆ ಇಟ್ಟೆ. "ಅಡ್ರೆಸ್ ನೋಡ್ರಿ: ಸಾಕಿನ್ ರಾವೂರ, ತಾಲೂಕ ಚಿತ್ತಾಪುರ. ಓಣಿ ಎಲ್ಲಿ ಅದ ತೋರಸ್ರಿ. ಕೇಳಿದ್ರಿ, ಟೈಪ್ ಮಾಡಲಿಲ್ಲ. ಹಂಗಾದ್ರ ಯಾಕ ಕೇಳಿದ್ರಿ?"

ಬಾಗಿಲಲ್ಲಿ ಯಾರೋ ಅರ್ಜಿ ಹಿಡಿದು ನಿಂತರು. "ಈಗ ಆಗಂಗಿಲ್ಲ, ಮುಂದ ಹೋಗ್ರಿ" ಎಂದರು ರಾಯರು, ಅತ್ತ ನೋಡದೆಯೇ. ಜೆರಾಕ್ಸನ್ನು ಎರಡು ಸಲ ಓದಿದರು. ಅದರಲ್ಲಿ ಓದಲು ಅಷ್ಟೇನೂ ಇರಲಿಲ್ಲ. "ರೂಢಿ ಆಗ್ಯಾದ್ರಿ" ಎಂದರು ಕೊನೆಗೆ. "ಸಣ್ಣಾಂವ ಇದ್ದಾಗಿಂದ ಮನ್ಯಾಗ ಕೇಳೋದು ಕೇಳಿ ಕೇಳಿ, ಬಾಯಿಗಿ ಬಂದುಬಿಡ್ತದ. ಕೇಳಬಾರದಿತ್ತು."

ಅವರು ಅದೇ ಹಾಳೆಯ ಕೆಳಗೆ ಟೈಪ್ ಮಾಡಿ, ಪ್ರಿಂಟು ತೆಗೆದು, ಓದಿದರು: "ಸದರಿ ಪ್ರಶ್ನೆಯನ್ನು ನಾನು ಕೇಳಿದ್ದು ನಿಜ. ಅದು ವಿಳಾಸಕ್ಕಾಗಿ ಅಲ್ಲ." ಓದಿ, ಸಹಿ ಮಾಡಿದರು. ಜಗತ್ತಿನವರ ಸಹಿಯನ್ನೆಲ್ಲ ಹಾಕಿಸಿಕೊಂಡ ಮನುಷ್ಯನ ಸಹಿ ಮಕ್ಕಳ ಅಕ್ಷರದಂತೆ ದುಂಡಗಿತ್ತು.

"ಫೈಸಲಾ ಆತು. ನೀವು ಗೆದ್ರಿ. ದೊಡ್ಡದಕ್ಕೇ ಹೋಗ್ರಿ. ಕೊಡ್ರಿ ಆ ನಮೂನಿ."

ಗಂಟೆ ನಾಲ್ಕಕ್ಕೆ ಹತ್ತು ನಿಮಿಷ ಬಾಕಿ. ಗೆದ್ದ ಮೇಲೆ ಎದ್ದುಹೋಗಿ ಕಪ್ಪು ತೆಗೆದುಕೊಳ್ಳುವುದಷ್ಟೇ ನನಗೆ ಗೊತ್ತಿತ್ತು. ಈಗ ಗೆದ್ದದ್ದರ ಜೊತೆ ಐದು ವರ್ಷ ಬದುಕಬೇಕು. ಅಪ್ಪನಿಗೆ ಫೋನು ಮಾಡಿದೆ, ಎತ್ತಲಿಲ್ಲ; ಹಳಿಯ ಮೇಲಿದ್ದಾಗ ಎತ್ತುವುದಿಲ್ಲ. ರಾಯರ ಪೆನ್ನು ತೆಗೆದುಕೊಂಡು ಹಾಳೆಯ ಮೇಲೆ ಒಂದೊಂದೇ ಸಾಲು ಹೊಡೆದುಹಾಕುತ್ತ ಬಂದೆ. ಜನ, ಬ್ಯಾನರು, ಬೀಗರು ಎಲ್ಲ ಹೋದರು. ಉಳಿದದ್ದು ಓಣಿಯ ಸಾಲೊಂದೇ. ಅದು ಖರೆ. ಆದರೆ ಓಣಿ ಕೇಳುವುದು ಕೇಳುವವರ ಚಟ. ಆ ಚಟದ ಫೀಸನ್ನು ನಮ್ಮಪ್ಪ ಯಾಕೆ ಕಟ್ಟಬೇಕು? ರಾಯರು ಸಹಿ ಮಾಡಿದ್ದಾದರೂ ನಾನು ದೊಡ್ಡ ಶಾಲೆಯವಳೆಂದು ಅಲ್ಲ. ನನ್ನ ಹತ್ತಿರ ಒಂದು ಕಾಗದವಿತ್ತು, ಕೇಳುವ ಬಾಯಿ ಇತ್ತು.

"ಸ್ಕಾಲರ್‌ಶಿಪ್ಪಿಂದು ಟೈಪ್ ಮಾಡ್ರಿ."

ರಾಯರು ಕನ್ನಡಕ ತೆಗೆದರು. "ಏನ್ರಿ ಇದು! ನನ್ನ ಸೋಲಿಸಿ, ಸಹಿ ತಗೊಂಡು, ಮತ್ತ ನನ್ನ ಮಾತಿಗೇ ಬಂದ್ರಿ?"

"ನಿಮ್ಮ ಮಾತಿಗಲ್ಲ. ನಿಮ್ಮ ಕಾರಣ ಬ್ಯಾರೆ, ನನ್ನ ಕಾರಣ ಬ್ಯಾರೆ."

"ಮುಚ್ಚಳಿಕೆಯಾಗ ಕಾರಣಕ್ಕ ಜಾಗ ಇಲ್ಲ" ಎಂದು ಕೀಬೋರ್ಡಿನ ಮೇಲೆ ಬೆರಳು ಆಡಿಸಿದರು. ನೋಟರಿ ಸ್ಕೂಟರಿಗೆ ಕೀಲಿ ಹಾಕುತ್ತಿದ್ದಾಗ ಓಡಿಹೋಗಿ ಹಿಡಿದೆ. ಅಪ್‌ಲೋಡಿನ ಚಕ್ರ ತಿರುಗುತ್ತ, ನಿಲ್ಲುತ್ತ, ಐದಕ್ಕೆ ಆರು ನಿಮಿಷ ಇದ್ದಾಗ ಮುಗಿಯಿತು. ಅಲ್ಲಿಯವರೆಗೆ ರಾಯರು ಮುಂದಿನ ಗಿರಾಕಿಯನ್ನು ಒಳಗೆ ಬಿಡಲಿಲ್ಲ.

ಆ ಆಯ್ಕೆ ಸರಿಯಾಗಿತ್ತು ಎಂದು ಹೇಳಿ ಮುಗಿಸಿದರೆ ಈ ಬರಹ ಚೆಂದವಾಗಬಹುದು, ಆದರೆ ಸುಳ್ಳಾಗುತ್ತದೆ. ಕಾಲೇಜಿನಲ್ಲಿ ಕಲಿಸಿದವರು ಒಳ್ಳೆಯವರೇ. ತಂಗಿ ಈಗ ನರ್ಸಿಂಗ್ ಓದುತ್ತಿದ್ದಾಳೆ. ಆದರೆ ದೊಡ್ಡ ಊರಿನ ವಕೀಲರ ಕಚೇರಿಗಳಿಗೆ ರಜೆಯ ತರಬೇತಿಗೆಂದು ಕಳಿಸಿದ ನನ್ನ ಅರ್ಜಿಗಳಿಗೆ ಉತ್ತರವೇ ಬರುತ್ತಿರಲಿಲ್ಲ. ಅದೇ ಪರೀಕ್ಷೆಯಲ್ಲಿ ನನಗಿಂತ ಹಿಂದಿದ್ದವರು ಆ ಕಚೇರಿಗಳಲ್ಲಿ ಕೂತಿದ್ದರು.

ರಾಯರು ತೀರಿಕೊಂಡದ್ದು ನನ್ನ ಮೂರನೇ ವರ್ಷದ ಪರೀಕ್ಷೆಯ ನಡುವೆ. ಅಪ್ಪ ಪರೀಕ್ಷೆ ಮುಗಿದ ಮೇಲೆ ಹೇಳಿದ. ಕೊನೆಯ ಸಲ ಕಂಡದ್ದು ಅದಕ್ಕೆ ಎರಡು ತಿಂಗಳ ಮೊದಲು, ರಜೆಯಲ್ಲಿ. ಕೈ ನಡುಗಲು ಶುರುವಾಗಿ ಟೈಪಿಂಗ್ ನಿಲ್ಲಿಸಿದ್ದರು. ಆದರೂ ದಿನಾ ಬಂದು ಕೋಣೆ ತೆರೆದು ಕೂರುತ್ತಿದ್ದರು. ಆ ದಿನ ಒಂದು ಕಚೇರಿಯವರು ಫೋನಿನಲ್ಲೇ ಕಾಲೇಜಿನ ಹೆಸರು ಕೇಳಿ ಕಟ್ ಮಾಡಿದ್ದರು. ನಾನು ಕೂತವಳೇ, "ನಾ ತಪ್ಪು ಮಾಡಿದೆ ರಾಯರ" ಎಂದೆ.

"ಮಾಡಿರಬಹುದು."

"ಸಮಾಧಾನ ಹೇಳಾಕ ಬರಂಗಿಲ್ಲೇನ್ರಿ ನಿಮಗ?"

"ಬರ್ತದ. ಸುಳ್ಳಾಗ್ತದ." ಕುರ್ಚಿ ನನ್ನ ಕಡೆ ತಿರುಗಿಸಿ, "ತಪ್ಪಿದ್ರ ಅದು ನಿಮ್ಮದೇ ತಪ್ಪು. ನಂದಲ್ಲ, ನಿಮ್ಮಪ್ಪಂದಲ್ಲ. ಯಾರ ಮ್ಯಾಲೂ ಹಾಕಾಕ ಬರಂಗಿಲ್ಲ. ಈಗ ಮುಂದೇನು?" ಎಂದರು.

"ಚಿಂಚೋಳಿಯಾಗ ಒಬ್ಬ ವಕೀಲಬಾಯಿ ಬಾ ಅಂದಾರ. ಜಮೀನಿನ ಕೇಸು ಮಾಡ್ತಾರ. ರಜಾ ಪೂರಾ ಅಲ್ಲೇ ಇರಬೇಕು. ಪಗಾರ ಇಲ್ಲ."

"ಅವ್ರು ಕಾಲೇಜು ಕೇಳಿದ್ರೇನು?"

"ಇಲ್ಲ. ಹಳೀ ಪಹಣಿ ಓದಾಕ ಬರ್ತದೇನು ಅಂತ ಕೇಳಿದ್ರು."

"ಏನಂದ್ರಿ?"

"ಬರಂಗಿಲ್ಲ ಅಂದೆ. ಬಾ, ಕಲಸ್ತೀನಿ ಅಂದ್ರು."

ರಾಯರು ಗೋಡೆಯ ಗಡಿಯಾರ ನೋಡಿದರು. "ಸೇಡಂ ಬಸ್ಸು ಎಷ್ಟಕ್ಕದ?"

"ಮೂರೂವರಿಗಿ. ಅಲ್ಲಿಂದ ಚಿಂಚೋಳಿಗಿ ಇನ್ನೊಂದು."

"ಈಗ ಮೂರು ಹತ್ತು. ಮತ್ತ ಇಲ್ಯಾಕ ಕುಂತೀರಿ?"

ಇದಕ್ಕೆ ನನ್ನ ಹತ್ತಿರ ಉತ್ತರಗಳಿದ್ದವು, ಕಡಿಮೆಯೆಂದರೂ ಮೂರು. ಒಂದನ್ನೂ ಹೇಳದೆ ಎದ್ದು ಬಸ್‌ಸ್ಟ್ಯಾಂಡಿನ ಕಡೆ ನಡೆದೆ.