ವೆನೆತಾ ಟೀಚರ್ ಪ್ರಯೋಗಶಾಲೆ ತೆರೆದ ವರ್ಷ

ವೆನೆತಾ ದ್ರಾಗೋವಾ ರಸಾಯನಶಾಸ್ತ್ರ ಕಲಿಸಲು ಶುರುಮಾಡಿ ಮೂವತ್ತೆರಡು ವರ್ಷವಾಗಿತ್ತು. ಉತ್ತರ ಬಲ್ಗೇರಿಯಾದಲ್ಲಿ, ಡಾನ್ಯೂಬ್ ನದಿಗೆ ಹತ್ತಿರದ ಆ ಸಣ್ಣ ಊರಿನಲ್ಲಿ ಬಸ್ಸು ಓಡಿಸುವವನೂ ಔಷಧಿ ಅಂಗಡಿಯವಳೂ ಅವಳ ಹತ್ತಿರವೇ ಕಲಿತವರು. ಅವಳ ಪಾಠ ಅಚ್ಚುಕಟ್ಟು, ಬೋರ್ಡಿನ ಮೇಲಿನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಆದರೆ ಕಳೆದ ಇಪ್ಪತ್ತೊಂದು ವರ್ಷದಲ್ಲಿ ಅವಳ ಒಬ್ಬ ವಿದ್ಯಾರ್ಥಿಯೂ ಗಾಜಿನ ನಳಿಕೆಯನ್ನು ಕೈಯಲ್ಲಿ ಹಿಡಿದಿರಲಿಲ್ಲ. "ಈಗ ನೀಲಿ ಬಣ್ಣ ಬರುತ್ತದೆ" ಎಂದು ಅವಳು ಹೇಳುತ್ತಿದ್ದಳು. ಮಕ್ಕಳು "ನೀಲಿ ಬಣ್ಣ" ಎಂದು ಬರೆದುಕೊಳ್ಳುತ್ತಿದ್ದರು. ಮೇಲಿನ ಮಹಡಿಯ ಪ್ರಯೋಗಶಾಲೆಗೆ ಬೀಗ ಬಿದ್ದಿತ್ತು.

ಕಾರಣ ಊರಿಗೆಲ್ಲ ಗೊತ್ತು. ನೆದ್ಯಾಲ್ಕಾ ಎಂಬ ಹುಡುಗಿಯ ಮುಂಗೈಗೆ ಕುದಿಯುವ ಕ್ಷಾರ ಸಿಡಿದಿತ್ತು. ಆಸ್ಪತ್ರೆಯಲ್ಲಿ ಮೂರು ವಾರ. ವಿಚಾರಣೆಗೆ ಬಂದ ಅಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: "ಬರ್ನರ್ ಹಚ್ಚಬೇಡಿ ಅಂತ ಮಕ್ಕಳಿಗೆ ಎಚ್ಚರಿಕೆ ಕೊಟ್ಟಿದ್ರಾ?" ವೆನೆತಾ ಎಷ್ಟು ತಡಕಾಡಿದರೂ ಆ ಮಾತು ನೆನಪಿಗೆ ಬರಲಿಲ್ಲ. "ನೆನಪಿಲ್ಲ" ಎಂದಳು. ಅದನ್ನೇ ತಪ್ಪೊಪ್ಪಿಗೆ ಎಂದು ಬರೆದುಕೊಂಡು ಹೋದರು. ಕೆಲಸ ಉಳಿಯಿತು. ಬೀಗ ಮಾತ್ರ ಅವಳೇ ಹಾಕಿದಳು.

ಅದಾಗಿ ಇಪ್ಪತ್ತೊಂದು ವರ್ಷದ ಮೇಲೆ, ಸೆಪ್ಟೆಂಬರಿನಲ್ಲಿ, ಶಾಲೆ ಶುರುವಾದ ದಿನ ಮಕ್ಕಳು ತಂದುಕೊಟ್ಟ ಹೂವಿನ ಗೊಂಚಲುಗಳು ಇನ್ನೂ ಬಕೆಟ್ಟಿನಲ್ಲಿರುವಾಗಲೇ ಹೊಸ ಹೆಡ್ಮಾಸ್ಟರ್ ಕಮೆನೋವ್ ಅವಳನ್ನು ಕರೆಸಿದ. ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು.

"ವೆನೆತಾ ಅವರೇ, ಹೋದ ವರ್ಷದ ಹತ್ತನೇ ತರಗತಿ ಫಲಿತಾಂಶ ನೋಡಿದ್ರಲ್ಲ. ಸೂತ್ರ ಕೇಳಿದ್ರೆ ನಮ್ಮ ಮಕ್ಕಳು ಗಿಣಿ ಥರ ಒಪ್ಪಿಸ್ತಾರೆ. ಬ್ಯುರೆಟ್ ಚಿತ್ರ ತೋರಿಸಿ ಇದೇನು ಅಂದ್ರೆ ಥರ್ಮಾಮೀಟರ್ ಅಂತ ಬರ್ದಿದಾರೆ."

"ಇನ್ನೆರಡು ವರ್ಷಕ್ಕೆ ನಾನು ನಿವೃತ್ತಿ. ನನ್ನ ಜಾಗಕ್ಕೆ ಬಂದವರು ತೆಗೀಲಿ ಆ ಬೀಗ."

"ನಿಮ್ಮ ಜಾಗಕ್ಕೆ ಈ ಊರಿಗೆ ಯಾರೂ ಬರಲ್ಲ. ಅದು ನಿಮಗೂ ಗೊತ್ತು."

ಅವಳಿಗೆ ಗೊತ್ತಿತ್ತು. ಮಾರನೆಯ ದಿನ ಶಾಲೆಯ ಉಸ್ತುವಾರಿಯ ಸ್ಪಾಸಣ್ಣ ಬೀಗಕ್ಕೆ ಎಣ್ಣೆ ಬಿಟ್ಟು ಬಾಗಿಲು ನೂಕಿದ. ಒಳಗೆ ಇಣುಕಿ, "ಟೀಚರೇ, ಈ ಜೇಡಗಳಿಗೆಲ್ಲ ಡಿಪ್ಲೊಮಾ ಕೊಟ್ಟು ಕಳಿಸಿಬಿಡಿ. ಇಷ್ಟು ವರ್ಷ ಇಲ್ಲೇ ಓದಿದಾವೆ" ಎಂದ. ವೆನೆತಾಳಿಗೆ ನಗು ಬರಲಿಲ್ಲ. ಹಳೆಯ ಮೇಜಿನ ಮೇಲಿನ ಬಿಳಿ ಕಲೆಯನ್ನೇ ನೋಡುತ್ತ ನಿಂತಳು.

ಪ್ರಯೋಗಕ್ಕೆ ಮಕ್ಕಳನ್ನು ಬಿಡಲು ಹೆತ್ತವರ ಒಪ್ಪಿಗೆ ಪತ್ರ ಬೇಕಿತ್ತು. ಹತ್ತನೇ ತರಗತಿಯಲ್ಲಿದ್ದದ್ದು ಹನ್ನೊಂದು ಮಕ್ಕಳು. ಹತ್ತು ಪತ್ರ ಎರಡೇ ದಿನದಲ್ಲಿ ಬಂದವು. ಹನ್ನೊಂದನೆಯದು ಬಿಲ್ಯಾನಾಳದು. ಅವಳು ನೆದ್ಯಾಲ್ಕಾಳ ಮಗಳು.

ಬಿಲ್ಯಾನಾ ದಿನವೂ ತಲೆ ತಗ್ಗಿಸಿ, "ಅಮ್ಮ ನಾಳೆ ಕೊಡ್ತೀನಿ ಅಂದ್ರು ಮೇಡಂ" ಎನ್ನುತ್ತಿದ್ದಳು. ಒಂದು ವಾರ ಕಳೆಯಿತು. ಆ ತಾಯಿ ಕೊಡುವುದಿಲ್ಲ, ಯಾಕೆ ಕೊಡಬೇಕು ಎಂದು ವೆನೆತಾ ತನಗೆ ತಾನೇ ಹೇಳಿಕೊಂಡಳು. ರೊಟ್ಟಿ ತರಲು ನೆದ್ಯಾಲ್ಕಾಳ ಬೇಕರಿಗೆ ಹೋಗುವುದನ್ನೂ ಬಿಟ್ಟಳು.

ಶುಕ್ರವಾರ ಮಧ್ಯಾಹ್ನ ನೆದ್ಯಾಲ್ಕಾ ತಾನೇ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ, ಮೊಣಕೈವರೆಗೆ ಹಿಟ್ಟು. ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು ಒಳಗೆ ಬರಲು ಹಿಂದೆಮುಂದೆ ನೋಡಿದಳು.

"ಸಹಿ ಹಾಕ್ಲಿಲ್ಲ ಅಂತ ತಪ್ಪು ತಿಳ್ಕೋಬೇಡಿ ಮೇಡಂ. ಅದಕ್ಕೆ ಮುಂಚೆ ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು. ಧೈರ್ಯ ಸಾಲ್ತಿರ್ಲಿಲ್ಲ."

"ಹೇಳೋದೇನೂ ಬೇಡಮ್ಮ. ಬಿಲ್ಯಾನಾ ದೂರ ಕೂತು ಅಂಕಿ ಬರ್ಕೊಳ್ಳಲಿ. ಯಾರೂ ಏನೂ ಅನ್ನಲ್ಲ."

"ಅದಲ್ಲ ಮೇಡಂ. ಅವತ್ತು ಪಕ್ಕದ ಮೇಜಿನ ಹುಡುಗ ನನ್ನ ಪುಕ್ಕಲಿ ಅಂದ. ಆ ಸಿಟ್ಟಿಗೆ ನಾನೇ ಬರ್ನರ್ ಹಚ್ಚಿದೆ. ನಾನು ಬರೋವರೆಗೂ ಮುಟ್ಟಬೇಡಿ ಅಂತ ನೀವು ಹೇಳಿದ್ರಿ. ನಿಜ ಹೇಳಿದ್ರೆ ಅಪ್ಪ ಸ್ಕೂಲು ಬಿಡಿಸ್ತಾನೆ ಅಂತ ಬಾಯಿ ಮುಚ್ಕೊಂಡೆ. ಆಮೇಲೆ ವರ್ಷ ಕಳೀತಾ ಕಳೀತಾ ಹೇಳೋದೇ ಆಗ್ಲಿಲ್ಲ."

ವೆನೆತಾ ಪಕ್ಕದ ಸ್ಟೂಲು ಎಳೆದುಕೊಂಡು ಕೂತಳು. "ಹೇಳಿದ್ನಾ ನಾನು? ಮುಟ್ಟಬೇಡಿ ಅಂತ ಹೇಳಿದ್ನಾ?"

"ಎರಡು ಸಲ ಹೇಳಿದ್ರಿ. ಎರಡನೇ ಸಲ ನನ್ನ ಹೆಸರು ಹಿಡಿದೇ ಹೇಳಿದ್ರಿ."

ವೆನೆತಾಳಿಗೆ ಸಿಟ್ಟು ಬರಬೇಕಿತ್ತು, ಅದು ಬಂದದ್ದು ಎಷ್ಟೋ ದಿನದ ಮೇಲೆ, ಅದೂ ಸ್ವಲ್ಪವೇ. ಆಗ ಅನಿಸಿದ್ದು ಇಷ್ಟೇ: ಎದೆಯ ಮೇಲೆ ಕೂತಿದ್ದ ಯಾರೋ ಎದ್ದು ಹೋದ ಹಾಗೆ. ಹದಿನೈದು ವರ್ಷದ ಹುಡುಗಿ ಹೆದರಿದ್ದಳು. ತಾನೂ ಹೆದರಿದ್ದಳು. ಇಬ್ಬರೂ ಒಂದೇ ಊರಿನಲ್ಲಿ ರೊಟ್ಟಿ ಕೊಟ್ಟು ತೆಗೆದುಕೊಂಡು ಓಡಾಡಿಕೊಂಡಿದ್ದರು.

"ಪೆನ್ನು ಇದೆಯಾ?" ಎಂದಳು. ನೆದ್ಯಾಲ್ಕಾ ಸಹಿ ಹಾಕಿದಳು. ಪತ್ರಕ್ಕೆಲ್ಲ ಹಿಟ್ಟು ಮೆತ್ತಿತು.

ಏನು ಪ್ರಯೋಗ ಮಾಡುವುದು ಎಂಬುದನ್ನು ಬಿಲ್ಯಾನಾಳ ಇಬ್ಬರು ಅಜ್ಜಿಯರ ಜಗಳವೇ ತೀರ್ಮಾನಿಸಿತು. ಊರಿನಲ್ಲಿ ಮನೆಮನೆಯಲ್ಲೂ ಕೆಂಪು ದೊಣ್ಣೆಮೆಣಸಿನಕಾಯಿ ಸುಡುವ ಕಾಲ. ಸುಟ್ಟು ಜಾಡಿಗೆ ಹಾಕಿದ್ದರಲ್ಲೇ ಸತ್ವ ಜಾಸ್ತಿ ಎಂದು ಒಬ್ಬ ಅಜ್ಜಿ, ಹಸಿಯಾಗಿ ಫ್ರೀಜರಿನಲ್ಲಿಟ್ಟಿದ್ದರಲ್ಲಿ ಎಂದು ಇನ್ನೊಬ್ಬಳು. ಹಾಗಾದರೆ ಅಳೆದು ನೋಡೋಣ ಎಂದಳು ವೆನೆತಾ. ಕಾಯಿಯ ರಸಕ್ಕೆ ಗಂಜಿ ಬೆರೆಸಿ ಅಯೋಡಿನ್ ಅನ್ನು ಹನಿಹನಿಯಾಗಿ ಬಿಡುವುದು. ನೀಲಿ ಬಣ್ಣ ಮಾಸದೆ ಉಳಿಯುವವರೆಗೆ ಎಷ್ಟು ಹನಿ ಹಿಡಿಯಿತೋ ಅಷ್ಟು ವಿಟಮಿನ್ ಸಿ. ಪ್ರತಿ ತಿಂಗಳೂ ಅಳೆಯಬೇಕು. ಸುದ್ದಿ ಹರಡಿ ಊರಿನ ಅಜ್ಜಿಯರೆಲ್ಲ ತಮ್ಮ ತಮ್ಮ ಜಾಡಿ ಕಳಿಸಿದರು. "ನಮ್ಮದನ್ನ ಅವಳದರ ಪಕ್ಕ ಇಡಬೇಡಿ" ಎಂಬ ಚೀಟಿಯೂ ಒಂದರ ಜೊತೆ ಬಂತು.

ಮೊದಲ ಕೆಲವು ವಾರ ವೆನೆತಾ ಮೇಜಿನಿಂದ ಮೇಜಿಗೆ ಓಡಿದಳು. ಆಮೇಲೆ ನಡೆದಳು.

ಜನವರಿಯಲ್ಲಿ ಲೆಕ್ಕ ಕೆಟ್ಟಿತು. ದಿನ ಕಳೆದಂತೆ ಇಳಿಯಬೇಕಿದ್ದ ಅಂಕಿ ಏರಿತು. ಡಿಸೆಂಬರಿನಲ್ಲಿ ಹದಿನಾರು ಹನಿ ಹಿಡಿದಿದ್ದ ಜಾಡಿಗೆ ಈಗ ಹತ್ತೊಂಬತ್ತು. "ಅಜ್ಜಿ ರಾತ್ರಿ ಬಂದು ನಿಂಬೆಹಣ್ಣು ಹಿಂಡಿ ಹೋಗಿರ್ಬೇಕು" ಎಂದು ಮಕ್ಕಳು ಬಿಲ್ಯಾನಾಳನ್ನು ಕಿಚಾಯಿಸಿದರು. ಮೂರು ಸಲ ಅಳೆದರೂ ಅದೇ. ಜಿಲ್ಲೆಯ ವಿಜ್ಞಾನ ಸ್ಪರ್ಧೆಗೆ ಹೆಸರು ಕೊಟ್ಟಾಗಿತ್ತು. ಹೆಸರು ವಾಪಸು ತೆಗೆದುಕೊಳ್ಳೋಣವೇ ಎಂದು ವೆನೆತಾ ಯೋಚಿಸುತ್ತಿರುವಾಗ, ಒಂದು ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಬಿಲ್ಯಾನಾ ಓಡಿ ಬಂದಳು.

"ಮೇಡಂ, ಮೆಣಸಿನಕಾಯಿ ಏರಿಲ್ಲ. ಅಯೋಡಿನ್ನೇ ಸೊರಗಿದೆ ಅನ್ಸುತ್ತೆ."

"ಹೇಗೆ ಹೇಳ್ತೀಯಾ?"

"ಅಕ್ಟೋಬರಲ್ಲಿ ನಾವು ಔಷಧಿ ಅಂಗಡಿಯ ವಿಟಮಿನ್ ಮಾತ್ರೆ ಕರಗಿಸಿ ನೋಡಿದ್ವಲ್ಲ, ಆಗ ಇಪ್ಪತ್ತು ಹನಿ. ನಿನ್ನೆ ಅದೇ ಮಾತ್ರೆಗೆ ಇಪ್ಪತ್ತೇಳು ಹಿಡೀತು. ಮಾತ್ರೆ ಡಬ್ಬಿಯಲ್ಲೇ ಬೆಳೆಯಲ್ಲವಲ್ಲ ಮೇಡಂ."

ಇಬ್ಬರೂ ಕಿಟಕಿಯ ಕಡೆ ನೋಡಿದರು. ಹೀಟರಿನ ಮೇಲಿನ ಕಟ್ಟೆಯಲ್ಲಿ, ಬಿಸಿಲಿಗೆ ಎದುರಾಗಿ, ಬಣ್ಣವಿಲ್ಲದ ಗಾಜಿನ ಬಾಟಲಿಯಲ್ಲಿ ಅಯೋಡಿನ್ ಇತ್ತು. ಅಲ್ಲಿಟ್ಟವಳು ವೆನೆತಾ. ಕಂದು ಬಾಟಲಿಯಲ್ಲಿ, ತಂಪಿನಲ್ಲಿ, ಬಿಗಿಯಾಗಿ ಮುಚ್ಚಿಡಬೇಕೆಂಬುದನ್ನು ಮಕ್ಕಳಿಗೆ ಮೂವತ್ತೆರಡು ವರ್ಷ ಬರೆಸಿದ್ದವಳೂ ಅವಳೇ.

ಅಂದು ತರಗತಿಯಲ್ಲಿ ಅವಳು, "ತಪ್ಪು ನನ್ನದು. ಕಂಡುಹಿಡಿದವಳು ಬಿಲ್ಯಾನಾ" ಎಂದು ಹೇಳಿ ಬೋರ್ಡಿನ ಮೇಲೂ ಬರೆದಳು. ಕೆಟ್ಟ ಅಂಕಿಗಳ ಮೇಲೆ ಮಕ್ಕಳು ಗೆರೆ ಎಳೆದರು, ಅಳಿಸಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಲವೂ ಮೊದಲು ಮಾತ್ರೆ, ಆಮೇಲೆ ಮೆಣಸಿನಕಾಯಿ.

ಏಪ್ರಿಲಿನಲ್ಲಿ ಸ್ಪರ್ಧೆ. ತೀರ್ಪುಗಾರರಲ್ಲಿ ಒಬ್ಬಾಕೆ ಗೆರೆ ಎಳೆದ ಸಾಲುಗಳ ಮೇಲೆ ಬೆರಳಿಟ್ಟು, "ಇದೇನಮ್ಮ?" ಎಂದಳು. ಬಿಲ್ಯಾನಾ ಎಲ್ಲವನ್ನೂ ಹೇಳಿದಳು, ಹೀಟರನ್ನೂ ಬಿಡದೆ. ನಗರದ ದೊಡ್ಡ ಶಾಲೆಗಳ ನಡುವೆ ಅವರಿಗೆ ಮೂರನೇ ಸ್ಥಾನ ಬಂತು. ಮರಳುವಾಗ ಬಸ್ಸಿನಲ್ಲಿ ಮಕ್ಕಳು ನೆದ್ಯಾಲ್ಕಾ ಕಟ್ಟಿಕೊಟ್ಟಿದ್ದ ಚೀಸು ತುಂಬಿದ ಬಾನಿತ್ಸಾವನ್ನು ಚೂರೂ ಉಳಿಸದೆ ತಿಂದರು.

ನಿಲ್ದಾಣದಲ್ಲಿ ಐದಾರು ಅಜ್ಜಿಯರು ಕಾಯುತ್ತ ಕೂತಿದ್ದರು. ಬಹುಮಾನದ ವಿಷಯ ಯಾರಿಗೂ ಬೇಕಿರಲಿಲ್ಲ.

"ಯಾರ ಜಾಡಿ ಗೆದ್ದಿದ್ದು?"

"ಜಾಡಿಗಳಲ್ಲಿ ಯಾವುದೂ ಇಲ್ಲ ಅಜ್ಜಿ. ಫ್ರೀಜರಿನದೇ ಎಲ್ಲಕ್ಕಿಂತ ಮೇಲು" ಎಂದಳು ಬಿಲ್ಯಾನಾ.

ಒಬ್ಬಳು ಕೈಚೀಲ ಎತ್ತಿಕೊಂಡು, "ರುಚಿ ಅಳೆಯೋ ಮೆಷಿನ್ ಬಂದಾಗ ಹೇಳಿ" ಎಂದು ಹೊರಟಳು.

ಜೂನಿನಲ್ಲಿ ಹತ್ತನೇ ತರಗತಿಯ ಫಲಿತಾಂಶ ಬಂದಾಗ ವೆನೆತಾ ಹಿತ್ತಲಲ್ಲಿ ಏಣಿ ಹತ್ತಿ ಚೆರ್ರಿ ಕೀಳುತ್ತಿದ್ದಳು. ಕಮೆನೋವನ ಫೋನು.

"ನಾಲ್ಕಕ್ಕಿಂತ ಕಡಿಮೆ ಒಬ್ಬರೂ ಇಲ್ಲ. ಬಿಲ್ಯಾನಾಗೆ ಆರಕ್ಕೆ ಆರು. ಕೇಳಿಸ್ತಾ ಇದೆಯಾ ವೆನೆತಾ ಅವರೇ?"

"ಕೇಳಿಸ್ತಿದೆ. ಏಣಿ ಮೇಲಿದೀನಿ, ಇಳಿದು ಮಾತಾಡ್ತೀನಿ."

ಅವಳು ಇಳಿದಳು. ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಮರಕ್ಕೆ ಒರಗಿ ಕೂತು, ಹನ್ನೊಂದು ಮಕ್ಕಳ ಹೆಸರನ್ನೂ ಒಂದೊಂದಾಗಿ ಅವನಿಂದ ಹೇಳಿಸಿ, ಅಂಕಗಳನ್ನು ಕೇಳಿಕೊಂಡಳು.